ಅವೆನ್ಯೂ ರೋಡಿನ 40 ರೂಪಾಯಿ ಚಾರ್ಟ್: ಹನ್ನೊಂದನೆಯದು ಎಲ್ಲಿ ಸ್ವಾಮಿ?

ಮಗಳಿಗೆ ಶಾಲೆಯಲ್ಲಿ ಮೂಲಭೂತ ಕರ್ತವ್ಯಗಳ ಚಾರ್ಟ್ ತರಲು ಹೇಳಿದ್ದರು. ಬೇಕಿದ್ದು ಸೋಮವಾರಕ್ಕೆ, ಅವಳು ಬಾಯಿ ಬಿಟ್ಟಿದ್ದು ಶುಕ್ರವಾರ ರಾತ್ರಿ. ಶನಿವಾರ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು, ಅವೆನ್ಯೂ ರೋಡಿನ ಒಂದು ಅಂಗಡಿಯಲ್ಲಿ ಚಾರ್ಟ್ ಮತ್ತು 30 ರೂಪಾಯಿಯ ಒಂದು ಕಿರುಪುಸ್ತಕ ತಂದೆ.

ಕಾಗದ ಗಟ್ಟಿ ಇದೆ, ಮೇಲೆ ಕೆಳಗೆ ತಗಡಿನ ಪಟ್ಟಿ, ಅಕ್ಷರ ದಪ್ಪ. ಅಲ್ಲಿಗೆ ಒಳ್ಳೆಯದು ಮುಗಿಯಿತು. ಕಾಡು, ಕೆರೆ, ನದಿ ಕಾಪಾಡಬೇಕು ಅನ್ನುವ ಸಾಲಿನ ಪಕ್ಕ ಹಿಮದ ಬೆಟ್ಟದ ಚಿತ್ರ ಹಾಕಿದ್ದಾರೆ. ಬೆಂಗಳೂರಿನಲ್ಲಿ ಮಾರುವ ಚಾರ್ಟಿಗೆ ಒಂದು ಕೆರೆ ಸಿಗಲಿಲ್ವಾ? (ನಮ್ಮ ಕೆರೆಗಳ ನೊರೆ ನೋಡಿ ಬೇಡ ಅಂತ ಬಿಟ್ಟರೋ ಏನೋ.)

ಮನೆಯಲ್ಲಿ ಮಗಳು ಎಣಿಸಿದಳು. "ಅಪ್ಪಾ, ಇದರಲ್ಲಿ ಹತ್ತೇ ಇದೆ." 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯಿಂದ ಈ ಕರ್ತವ್ಯಗಳ 51ಎ ವಿಧಿ ಬಂದಾಗ ಹತ್ತೇ ಇದ್ದವು, ನಿಜ. ಆದರೆ 2002ರ 86ನೇ ತಿದ್ದುಪಡಿ ಇನ್ನೊಂದನ್ನು ಸೇರಿಸಿತು: 6ರಿಂದ 14 ವರ್ಷದ ಮಕ್ಕಳಿಗೆ ಓದುವ ಅವಕಾಶ ಮಾಡಿಕೊಡುವುದು ತಂದೆ ತಾಯಿಯ ಅಥವಾ ಪೋಷಕರ ಕರ್ತವ್ಯ. ಅಂದರೆ ಬಿಟ್ಟುಹೋಗಿರುವುದು ಸರಿಯಾಗಿ ನನ್ನ ಪಾಲಿನದೇ! ಮೂಲೆಯಲ್ಲಿ 'ಹೊಸ ಆವೃತ್ತಿ' ಅಂತ ಬೇರೆ ಇದೆ.

ಇನ್ನೂ ಸಿಟ್ಟು ಬಂದಿದ್ದು ಕೆಳಗಿನ ಕೆಂಪಕ್ಷರ ನೋಡಿ: 'ತಪ್ಪಿದರೆ ಶಿಕ್ಷೆ'. ಇದು ಸುಮ್ನೆ ಹೆದರಿಸೋದು. 51ಎಯಲ್ಲಿ ಶಿಕ್ಷೆಯ ಮಾತೇ ಇಲ್ಲ. ಈ ಕರ್ತವ್ಯಗಳನ್ನು ಸೇರಿಸಲು ಶಿಫಾರಸು ಮಾಡಿದ್ದ ಸ್ವರಣ್ ಸಿಂಗ್ ಸಮಿತಿ ಶಿಕ್ಷೆಯೂ ಇರಲಿ, ತೆರಿಗೆ ಕಟ್ಟುವುದೂ ಕರ್ತವ್ಯದ ಪಟ್ಟಿಗೆ ಸೇರಲಿ ಅಂದಿತ್ತು, ಆಗ ಎರಡನ್ನೂ ಕೈಬಿಟ್ಟರು. ಧ್ವಜ ಸುಟ್ಟರೆ ಕೇಸ್ ಬೀಳುತ್ತದೆ, ಅದು 1971ರ ಬೇರೆ ಕಾಯ್ದೆಯ ಕೆಳಗೆ. ಕೇರಳದಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರೂ ಧರ್ಮದ ಕಾರಣಕ್ಕೆ ಹಾಡಲಿಲ್ಲ ಅಂತ ಶಾಲೆಯಿಂದ ತೆಗೆದಿದ್ದರು, 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರವೇ ನಿಂತಿತು. ಶಾಲೆ ಗೋಡೆಗೆ ಹೋಗುವ ಚಾರ್ಟ್ ಮಾಡುವವರು ಇಷ್ಟು ತಿಳಿದಿರಬೇಡವೇ?

ಕಿರುಪುಸ್ತಕ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲೂ 29ನೇ ವಿಧಿ ಸಮುದಾಯದ ಕಡೆಗಿನ ಕರ್ತವ್ಯದ ಬಗ್ಗೆ ಹೇಳುತ್ತದೆ ಅನ್ನುವುದನ್ನು ನಾಲ್ಕೇ ಸಾಲಲ್ಲಿ ತಿಳಿಸಿದ್ದಾರೆ. ಅದೇ ವರ್ಷ ಅಮೆರಿಕ ಖಂಡಗಳ ದೇಶಗಳು ಬೊಗೋಟಾದಲ್ಲಿ ಒಪ್ಪಿದ ಘೋಷಣೆಯಲ್ಲಿ ಕರ್ತವ್ಯಗಳದ್ದೇ ಒಂದು ಅಧ್ಯಾಯವಿದೆ. ಮತ ಹಾಕುವುದು, ತೆರಿಗೆ ಕಟ್ಟುವುದು, ಮಕ್ಕಳನ್ನು ಓದಿಸುವುದು, ಮಕ್ಕಳು ತಂದೆ ತಾಯಿಗೆ ಗೌರವ ಕೊಡುವುದು ಎಲ್ಲ ಅದರಲ್ಲಿವೆ. ಕೊನೆಯದನ್ನು ಜೋರಾಗಿ ಓದಿದೆ. "ಅದು ಅವರ ದೇಶದ್ದು ಅಪ್ಪಾ" ಅಂದಳು.

ಚಾರ್ಟಿಗೆ ಐದರಲ್ಲಿ ಎರಡು, ಪುಸ್ತಕಕ್ಕೆ ನಾಲ್ಕು. ವಾಪಸ್ ಕೊಡಲು ಟೈಮ್ ಇರಲಿಲ್ಲ. ಮಗಳು 'ತಪ್ಪಿದರೆ ಶಿಕ್ಷೆ' ಮೇಲೆ ಬಿಳಿ ಹಾಳೆ ಅಂಟಿಸಿ, ಹಸಿರು ಸ್ಕೆಚ್ ಪೆನ್ನಿನಲ್ಲಿ ಹನ್ನೊಂದನೆಯದನ್ನು ಅಲ್ಲೇ ಬರೆದಳು.