ಒಗ್ಗಾಣಿ ಅಂಗಡಿಯಲ್ಲಿ ಕಂಡ ಪ್ಯಾರಿಸ್ ಸೋಲು

ಬಳ್ಳಾರಿಯ ರಾಯಲ್ ವೃತ್ತದ ಸಮೀಪದ ಈ ಒಗ್ಗಾಣಿ-ಮಿರ್ಚಿ ಅಂಗಡಿಯ ರುಚಿಯನ್ನು ಬಹಳ ವರ್ಷಗಳಿಂದ ಬಲ್ಲೆನಾದರೂ, ಅದರ ನಿಜವಾದ ಬೆಲೆ ನನಗೆ ತಿಳಿದದ್ದು 2024ರ ಆಗಸ್ಟ್ 6ರ ರಾತ್ರಿ, ಪ್ಯಾರಿಸ್ ಒಲಿಂಪಿಕ್ಸ್‌ನ ಹಾಕಿ ಸೆಮಿಫೈನಲ್‌ನಲ್ಲಿ ಭಾರತವು ಜರ್ಮನಿಗೆ 2–3ರಿಂದ ಸೋತಾಗ. ಪಂದ್ಯ ಆರಂಭವಾದದ್ದೇ ಹತ್ತೂವರೆಗೆ. ಆದರೂ ಮಾಲೀಕರು ನಮ್ಮ ಸಲುವಾಗಿ ಒಲೆ ಆರಿಸಲಿಲ್ಲ.

1936ರಲ್ಲಿ ಬರ್ಲಿನ್‌ನಲ್ಲಿ ಧ್ಯಾನ್‌ಚಂದ್ ಅವರ ತಂಡ 8–1ರಿಂದ ಸೋಲಿಸಿದ್ದ, ಟೋಕಿಯೊದಲ್ಲಿ ನಾವು 5–4ರಿಂದ ಮಣಿಸಿ 41 ವರ್ಷಗಳ ಬಳಿಕ ಪದಕ ಪಡೆದಿದ್ದ ಅದೇ ಎದುರಾಳಿ! ಹರ್ಮನ್‌ಪ್ರೀತ್ ಏಳನೇ ನಿಮಿಷದಲ್ಲಿ ಗೋಲು ಹೊಡೆದಾಗ ಇಡೀ ಅಂಗಡಿ ಎದ್ದು ನಿಂತಿತ್ತು. 54ನೇ ನಿಮಿಷದಲ್ಲಿ ಜರ್ಮನಿಯ ಮಿಲ್ಟ್‌ಕೌ ಗೆಲುವಿನ ಗೋಲು ಗಳಿಸಿದಾಗ ಬಾಣಲೆಯ ಎಣ್ಣೆಯ ಸದ್ದೊಂದೇ ಉಳಿಯಿತು. ನಿಷೇಧದಿಂದಾಗಿ ನಮ್ಮ ರಕ್ಷಣಾ ಆಟಗಾರ ಅಮಿತ್ ರೋಹಿದಾಸ್ ಆಡದೆ ಇದ್ದದ್ದೇ ನಮಗೆ ದೊಡ್ಡ ಪೆಟ್ಟಾಯಿತೆಂಬುದು ನನ್ನ ದೃಢ ಅಭಿಪ್ರಾಯ.

ಪುಟಾಣಿ ಪುಡಿ ಹದವಾಗಿ ಬೆರೆತ ಒಗ್ಗಾಣಿ ಮೆತ್ತಗಿದ್ದರೂ ಮುದ್ದೆಯಾಗಿರಲಿಲ್ಲ, ಮಿರ್ಚಿ ಬಿಸಿಯಾಗಿಯೇ ಬಂತು. ಚಹಾಕ್ಕೆ ಸಕ್ಕರೆ ಹೆಚ್ಚು, ಟಿ.ವಿ. ತೀರಾ ಎತ್ತರದಲ್ಲಿರುವುದರಿಂದ ಕತ್ತು ನೋಯುತ್ತದೆ. ಎರಡು ದಿನಗಳ ಬಳಿಕ ಸ್ಪೇನ್ ವಿರುದ್ಧ 2–1ರಿಂದ ಗೆದ್ದು ಕಂಚು ಬಂದಾಗಲೂ ನಾನು ಅದೇ ಬೆಂಚಿನ ಮೇಲೆ ಕುಳಿತಿದ್ದೆ.