ಊಟ ಬರೆದಿಡೋ ಆ್ಯಪ್: ಕ್ಯಾಲೊರಿಗಲ್ಲ, ಒಂದು ಸಣ್ಣ ಪ್ರಶ್ನೆಗೆ ನನ್ ಸ್ಟಾರ್

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಆ್ಯಪ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಮುಂದೆ ಬೈಗುಳಾನೂ ಇದೆ, ಮತ್ತೆ ತಿಂದಿದ್ದನ್ನ ಬರೆದಿಡೋ ಆ್ಯಪ್‌ಗಳು ಒಳಗಡೆ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ನೀವು ಯಾವುದು ಹಾಕ್ಕೊಂಡ್ರೂ ಈ ರಿವ್ಯೂ ಉಪಯೋಗಕ್ಕೆ ಬರತ್ತೆ. ನಾನು ತೂಕ ಇಳಿಸೋಕೆ ಅಂತ ಹಾಕ್ಕೊಂಡಿದ್ದಲ್ಲ. ಹೊಟ್ಟೆ ತುಂಬಿದ್ಮೇಲೂ ಕೈ ನಿಲ್ಲಲ್ವಲ್ಲ, ಅದಕ್ಕೇನಾದ್ರೂ ದಾರಿ ಇದೆಯಾ ನೋಡೋಣ ಅಂತ. ಕೆಲವು ತಿಂಗಳು ಬಳಸಿದ್ಮೇಲೆ ಬರೀತಿದೀನಿ.

ಶುರುವಿನಲ್ಲೇ ಗುರಿ ತೂಕ ಕೇಳತ್ತೆ, ಯಾವ ತಾರೀಕಿನೊಳಗೆ ಅಂತ ಕೇಳತ್ತೆ, ಆಮೇಲೆ ಒಂದು ಗ್ರಾಫ್ ತೋರಿಸತ್ತೆ, ನೇರವಾಗಿ ಜಾರುಬಂಡೆ ಥರ ಕೆಳಗಿಳಿಯೋ ಗೆರೆ. ನೋಡೋಕೆ ಚೆಂದ, ನಂಬೋಕೆ ಕಷ್ಟ. ಮೈಯಲ್ಲಿರೋ ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ ಅನ್ನೋ ಹಳೇ ಲೆಕ್ಕ ಹಿಡ್ಕೊಂಡು ಭಾಗಾಕಾರ ಮಾಡಿರ್ತಾರೆ ಅಷ್ಟೆ, ಆದ್ರೆ ತೂಕ ಇಳೀತಾ ಇಳೀತಾ ಮೈ ಖರ್ಚು ಮಾಡೋ ಶಕ್ತೀನೂ ಕಮ್ಮಿ ಆಗತ್ತೆ, ಹಾಗಾಗಿ ನಿಜವಾದ ಗೆರೆ ಮಧ್ಯದಲ್ಲಿ ಚಪ್ಪಟೆ ಆಗ್ಲೇಬೇಕು. ಅಲ್ಲಿಗೆ ಬಂದಾಗ ಜನ "ನನ್ ಕೈಲಿ ಆಗಲ್ಲ" ಅಂತ ಬಿಟ್ಬಿಡ್ತಾರೆ. ಗ್ರಾಫೇ ತಪ್ಪು, ಜನ ಅಲ್ಲ.

ದಿನಾ ಬೆಳಗ್ಗೆ ಒಂದು ಸ್ಫೂರ್ತಿ ವಾಕ್ಯ ಬರತ್ತೆ. ನೀನು ಗಟ್ಟಿ, ನಿನ್ನಿಂದ ಸಾಧ್ಯ, ಇತ್ಯಾದಿ. ಅಲ್ಲಾ ಸ್ವಾಮಿ, ಬೆಳಗ್ಗೆ ಎಲ್ಲಾರೂ ಗಟ್ಟೀನೇ, ಎದ್ದ ತಕ್ಷಣ ಯಾರು ಚಿಪ್ಸ್ ಪ್ಯಾಕೆಟ್ ಒಡೀತಾರೆ? ಜಾರೋದು ರಾತ್ರಿ, ಕೆಲಸ ಎಲ್ಲಾ ಮುಗಿಸಿ ಸುಸ್ತಾಗಿ ಕೂತಾಗ, ಆವಾಗ ಈ ಆ್ಯಪ್ ತೆಪ್ಪಗಿರತ್ತೆ. ಆರಂಭಶೂರತ್ವಕ್ಕೆ ಗೊಬ್ಬರ ಹಾಕೋದು ಬಿಟ್ರೆ ಈ ನೋಟಿಫಿಕೇಶನ್‌ಗಳಿಂದ ಏನೂ ಪ್ರಯೋಜನ ಇಲ್ಲ, ಆಫ್ ಮಾಡಿ.

ಕ್ಯಾಲೊರಿ ಲೆಕ್ಕ ಪರವಾಗಿಲ್ಲ. ಪ್ಯಾಕೆಟ್ ಮೇಲಿನ ಬಾರ್‌ಕೋಡ್ ತಕ್ಷಣ ಹಿಡಿಯತ್ತೆ. ಫೋಟೋ ತೆಗೆದ್ರೆ ತಾನೇ ಲೆಕ್ಕ ಹಾಕತ್ತೆ ಅನ್ನೋ ಫೀಚರ್ ಮಾತ್ರ ನಂಬ್ಬೇಡಿ, ಯಾಕಂದ್ರೆ ಎಣ್ಣೆ ಫೋಟೋದಲ್ಲಿ ಕಾಣಲ್ಲ. ಪ್ರೋಟೀನು, ಕಾರ್ಬು ಗ್ರಾಮಿಗೆ 4 ಕ್ಯಾಲೊರಿ ಆದ್ರೆ ಕೊಬ್ಬು 9, ಒಂದು ದೊಡ್ಡ ಚಮಚ ಎಣ್ಣೆ ಅಂದ್ರೇನೇ ಹತ್ತಿರ ಹತ್ತಿರ 120, ಅದೇ ತಪ್ಪಿಹೋದ್ರೆ ಉಳಿದ ಲೆಕ್ಕ ಯಾಕೆ?

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ತಿನ್ನೋ ಮುಂಚೆ ಈ ಆ್ಯಪ್ "ಈಗ ಎಷ್ಟು ಹಸಿವಿದೆ" ಅಂತ 1ರಿಂದ 10ರೊಳಗೆ ಒಂದು ನಂಬರ್ ಕೇಳತ್ತೆ. ತಿಂದ್ಮೇಲೆ "ಯಾಕೆ ತಿಂದ್ರಿ" ಅಂತ ಕೇಳತ್ತೆ, ಹಸಿವು, ಬೇಜಾರು, ಸುಸ್ತು, ಸಿಟ್ಟು, ಎದುರಿಗಿತ್ತು ಅನ್ನೋ ಆಯ್ಕೆ ಕೊಟ್ಟು. ಜಾಹೀರಾತಿನಲ್ಲಿ ಇದರ ಸುದ್ದೀನೇ ಇಲ್ಲ, ಸ್ಕ್ರೀನಿನ ಕೆಳಗೆ ಒಂದು ಮೂಲೇಲಿ ಸಣ್ಣ ಅಕ್ಷರದಲ್ಲಿರತ್ತೆ, ಸ್ಕಿಪ್ ಬಟನ್ ಅದಕ್ಕಿಂತ ದೊಡ್ದು. ಆದ್ರೆ ನನ್ ಪ್ರಕಾರ ಇಡೀ ಆ್ಯಪ್‌ನಲ್ಲಿ ಕೆಲಸಕ್ಕೆ ಬರೋದು ಇದೊಂದೇ. ಒಂದಷ್ಟು ವಾರ ತುಂಬಿದ್ಮೇಲೆ ಅದೊಂದು ಪಟ್ಟಿ ಕೊಡತ್ತೆ, ನನ್ ಪಟ್ಟೀಲಿ ಮೇಲುಗಡೆ ಇದ್ದಿದ್ದು "ಸುಸ್ತು" ಮತ್ತೆ "ಎದುರಿಗಿತ್ತು". ನಾನಂದ್ಕೊಂಡಿದ್ದು ಬಾಯಿ ಚಪಲ ಅಂತ, ಪಟ್ಟಿ ಹೇಳಿದ್ದೇ ಬೇರೆ.

ಸುಸ್ತಿನ ವಿಷಯ ಸುಮ್ನೆ ಅಲ್ಲ. 2004ರಲ್ಲಿ ಬಂದ ಒಂದು ಸಂಶೋಧನೇಲಿ 12 ಜನ ಆರೋಗ್ಯವಾಗಿರೋ ಯುವಕರನ್ನ ಎರಡು ರಾತ್ರಿ ಬರೀ ನಾಲ್ಕು ಗಂಟೆ ಮಲಗೋಕೆ ಬಿಟ್ಟು ನೋಡಿದ್ರು, ಹತ್ತು ಗಂಟೆ ಮಲಗಿದಾಗಿನದಕ್ಕೆ ಹೋಲಿಸಿದ್ರೆ ಸಾಕು ಅನ್ನೋ ಸಂದೇಶ ಕೊಡೋ ಲೆಪ್ಟಿನ್ ಹಾರ್ಮೋನ್ 18% ಕಮ್ಮಿ, ಹಸಿವು ಎಬ್ಬಿಸೋ ಗ್ರೆಲಿನ್ ಹಾರ್ಮೋನ್ 28% ಜಾಸ್ತಿ. ಸಣ್ಣ ಅಧ್ಯಯನ, ಸರಿ, ಆದ್ರೂ ನಿದ್ದೆಗೆಟ್ಟ ಮಾರನೇ ದಿನ ನಿಮ್ಮನ್ನ ನೀವೇ ಗಮನಿಸಿ, ಗೊತ್ತಾಗತ್ತೆ. "ಎದುರಿಗಿತ್ತು" ಅನ್ನೋದಕ್ಕೂ ಹಿಂದೆ ಕಥೆ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೇಲಿ ಕೆವಿನ್ ಹಾಲ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಜನರನ್ನ ಅಲ್ಲೇ ಇರಿಸ್ಕೊಂಡು ಎರಡು ವಾರ ಫ್ಯಾಕ್ಟರಿ ಥರದ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಕಮ್ಮಿ ಸಂಸ್ಕರಿಸಿದ್ದು, ಎಷ್ಟು ಬೇಕಾದ್ರೂ ತಿನ್ನಿ ಅಂತ ಕೊಟ್ರು. ಬಡಿಸಿದ ಊಟದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲಾ ಎರಡರಲ್ಲೂ ಸಮ, ಆದ್ರೂ ಅದೇ ಜನ ಮೊದಲನೇದರಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದ್ರು, ಬೇಗ ಬೇಗನೂ ತಿಂದ್ರು. ಅದೇ ಮನುಷ್ಯ, ಅದೇ ಮನಸ್ಸು, ತಟ್ಟೇಲಿ ಇರೋದು ಬೇರೆ. ಇದನ್ನ ಓದಿದ್ಮೇಲೆ ನನಗೆ ಸ್ಫೂರ್ತಿ ವಾಕ್ಯಗಳ ಮೇಲೆ ಇದ್ದ ಸಿಟ್ಟು ಇನ್ನೂ ಜಾಸ್ತಿ ಆಯ್ತು!

ಹಾಗಾಗಿ ನಾನು ಮಾಡ್ಕೊಂಡಿದ್ದು ಸಣ್ಣ ಬದಲಾವಣೆಗಳು, ಬಿಸ್ಕತ್ತು ಡಬ್ಬ ಟೇಬಲ್ ಮೇಲಿಂದ ಮೇಲಿನ ಶೆಲ್ಫಿಗೆ ಹೋಯ್ತು, ಮಲಗೋದು ಮೊದಲಿಗಿಂತ ಬೇಗ ಆಯ್ತು. ಆ್ಯಪ್‌ನಲ್ಲಿ "ಹೀಗಾದ್ರೆ ಹೀಗೆ" ಅಂತ ಒಂದು ಜಾಗ ಇದೆ, ಅಲ್ಲಿ "ರಾತ್ರಿ ಸುಸ್ತಾಗಿ ಅಡುಗೆಮನೆಗೆ ಹೋದ್ರೆ ಮೊದಲು ಒಂದು ಲೋಟ ನೀರು, ಆಮೇಲೆ ಕೂತು ತಟ್ಟೆಗೆ ಹಾಕ್ಕೊಂಡೇ ತಿನ್ನೋದು" ಅಂತ ಬರೆದಿಟ್ಟೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಈ ಥರದ ಮೊದಲೇ ಮಾಡ್ಕೊಂಡ ಪ್ಲಾನ್ ಬಗ್ಗೆ ತುಂಬಾ ಕೆಲಸ ಮಾಡಿದಾರೆ, ಬರೀ "ಕಮ್ಮಿ ತಿಂತೀನಿ" ಅನ್ನೋ ಶಪಥಕ್ಕಿಂತ ಇದು ಚೆನ್ನಾಗಿ ನಿಲ್ಲತ್ತೆ. ಹುಮ್ಮಸ್ಸು ಬಂದ್ಮೇಲೆ ಶುರು ಮಾಡೋಣ ಅಂತ ಕಾಯೋರಿಗೆ ಇದನ್ನೇ ಹೇಳ್ತೀನಿ, ಒಂದೆರಡು ರಾತ್ರಿ ಪ್ಲಾನ್ ಪ್ರಕಾರ ನಡೆದ್ರೆ ಹುಮ್ಮಸ್ಸು ಹಿಂದೆಯಿಂದ ತಾನಾಗೇ ಬರತ್ತೆ, ನನಗಂತೂ ಆ ಕ್ರಮದಲ್ಲೇ ಬಂದಿದ್ದು.

ಈಗ ಬೈಗುಳ. ಸ್ಟ್ರೀಕ್! ದಿನಾ ಬರೆದ್ರೆ ನಂಬರ್ ಏರತ್ತೆ, ಒಂದು ದಿನ ತಪ್ಪಿದ್ರೆ ಸೊನ್ನೆ, ಜೊತೆಗೊಂದು ಅಳೋ ಮುಖ. ಇದಕ್ಕಿಂತ ಕೆಟ್ಟ ಡಿಸೈನ್ ಬೇಕಾ? ಅತಿಯಾಗಿ ತಿನ್ನೋರಿಗೆ ಗೊತ್ತಿರತ್ತೆ, "ಹೆಂಗೂ ಇವತ್ತು ಕೆಟ್ಟೋಯ್ತು, ಪೂರ್ತಿ ತಿಂದ್ಬಿಡೋಣ, ನಾಳೆಯಿಂದ ನೋಡ್ಕೊಳ್ಳೋಣ" ಅನ್ನೋ ಮಾತು ಒಳಗಡೆಯಿಂದ ಬರತ್ತಲ್ಲ, ಆ ಸೊನ್ನೆ ಅದಕ್ಕೇ ತುಪ್ಪ ಸುರಿಯತ್ತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನ ಗಮನಿಸಿ ಬರೆದ ಅಧ್ಯಯನದಲ್ಲಿ ಒಂದು ಅಭ್ಯಾಸ ತಾನಾಗಿ ಆಗೋಕೆ ಸರಾಸರಿ 66 ದಿನ ಹಿಡೀತು, ಲೆಕ್ಕಾಚಾರದ ಪ್ರಕಾರ ಕೆಲವರಿಗೆ 18, ಕೆಲವರಿಗೆ 254, ಮತ್ತೆ ಮುಖ್ಯವಾಗಿ ಮಧ್ಯ ಒಂದು ದಿನ ತಪ್ಪಿದ್ರೆ ಹೇಳ್ಕೊಳ್ಳೋ ಅಂಥ ನಷ್ಟ ಏನೂ ಆಗ್ಲಿಲ್ಲ. 21 ದಿನದ ಚಾಲೆಂಜ್ ಅಂತ ಈ ಆ್ಯಪ್ ಮಾರ್ತಿರೋದಕ್ಕೆ ಆಧಾರ ಎಲ್ಲಿದೆ ಅಂತ ಕೋಚ್ ಚಾಟ್‌ನಲ್ಲಿ ಕೇಳ್ದೆ, "ನಿಮ್ಮ ಉತ್ಸಾಹ ಮೆಚ್ಚಿದ್ವಿ" ಅಂತ ರಿಪ್ಲೈ ಬಂತು. ಕೋಚ್ ಮನುಷ್ಯನೋ ಮಷೀನೋ ಇವತ್ತಿಗೂ ಅನುಮಾನ.

ಇನ್ನೊಂದು ದೂರು ಗಂಭೀರವಾದದ್ದು. ದಿನದ ಟಾರ್ಗೆಟ್ ಎಷ್ಟು ಕಮ್ಮಿ ಇಟ್ರೂ ಒಪ್ಕೊಳ್ಳತ್ತೆ, ಒಂದು ಎಚ್ಚರಿಕೆ ಕೂಡ ಇಲ್ಲ. ಹಗಲೆಲ್ಲಾ ಉಪವಾಸ ಇದ್ರೆ ರಾತ್ರಿ ಏನಾಗತ್ತೆ ಅಂತ ಹೇಳ್ಬೇಕಾ? 1944-45ರಲ್ಲಿ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ 36 ಜನ ಗಂಡಸರನ್ನ ಆರು ತಿಂಗಳು ಅರೆಹೊಟ್ಟೇಲಿ ಇಟ್ಟಿದ್ರು, ಅವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ, ಕೆಲವರು ಅಡುಗೆ ಪುಸ್ತಕ ಓದ್ತಾ ಕೂರ್ತಿದ್ರು, ಪ್ರಯೋಗ ಮುಗಿದ್ಮೇಲೂ ಎಷ್ಟೋ ಜನಕ್ಕೆ ಎಷ್ಟು ತಿಂದ್ರೂ ಸಾಕು ಅನಿಸ್ತಿರ್ಲಿಲ್ಲ. ತೀರಾ ಬಿಗಿ ಹಿಡಿದ್ರೆ ಕೆಲವರಿಗೆ ಅತಿ ತಿನ್ನೋದು ಜಾಸ್ತಿ ಆಗ್ಬಹುದು, ಆ್ಯಪ್ ಮಾಡಿದವರಿಗೆ ಇದು ಗೊತ್ತಿರ್ಬೇಕಿತ್ತು.

ಒಂದು ವಿಷಯ ನೇರವಾಗಿ ಹೇಳ್ತೀನಿ. ಕಮ್ಮಿ ಹೊತ್ತಿನಲ್ಲಿ ತುಂಬಾ ತಿಂದು, ನಿಲ್ಲಿಸೋಕೇ ಆಗ್ದೆ, ಯಾರಿಗೂ ಕಾಣ್ದೆ ಇರೋ ಹಾಗೆ ಒಬ್ರೇ ಕೂತು ತಿಂದು, ಆಮೇಲೆ ಅಸಹ್ಯ ಅನ್ಸೋದು ವಾರಕ್ಕೊಂದು ಸಲದಂತೆ ಮೂರು ತಿಂಗಳು ನಡೀತಿದ್ರೆ ಅದು ಬಾಯಿ ಚಪಲ ಇರಲಿಕ್ಕಿಲ್ಲ. ಬಿಂಜ್ ಈಟಿಂಗ್ ಡಿಸಾರ್ಡರ್ ಅಂತ 2013ರಿಂದ ಡಿಎಸ್‌ಎಂ-5ರಲ್ಲಿ, ಅಂದ್ರೆ ಮನೋವೈದ್ಯರು ಬಳಸೋ ಕಾಯಿಲೆಗಳ ಕೈಪಿಡೀಲಿ, ಪ್ರತ್ಯೇಕ ಕಾಯಿಲೆಯಾಗೇ ಇದೆ, ಅದಕ್ಕೆ ಚಿಕಿತ್ಸೆ ಇದೆ, ಮಾತಿನ ಥೆರಪಿ ಚೆನ್ನಾಗಿ ಕೆಲಸ ಮಾಡತ್ತೆ. ಅಂಥವರು ಕ್ಯಾಲೊರಿ ಎಣಿಸೋ ಆ್ಯಪ್ ಹಾಕ್ಕೊಳ್ಳೋ ಮುಂಚೆ ಡಾಕ್ಟರ್ ಹತ್ರ ಮಾತಾಡಿ, ಎಣಿಕೆ ಕೆಲವರಿಗೆ ಇನ್ನೂ ಕೆಡಿಸತ್ತೆ. ಈ ಮಾತು ಆ್ಯಪ್‌ನಲ್ಲೂ ಇದೆ, ಸೆಟ್ಟಿಂಗ್ಸ್ ಒಳಗೆ ಹೆಲ್ಪ್, ಹೆಲ್ಪ್ ಒಳಗೆ ನಿಯಮಗಳು, ಅದರೊಳಗೆ ಎಲ್ಲೋ.

ದುಡ್ಡು ಕೊಡೋ ಪ್ಲಾನ್ ಬೇಡ, ಹಸಿವಿನ ನಂಬರ್ರೂ ಕಾರಣದ ಪಟ್ಟೀನೂ ಫ್ರೀನಲ್ಲೇ ಸಿಗತ್ತೆ. ಹಾಕ್ಕೊಂಡ ತಕ್ಷಣ ಸ್ಟ್ರೀಕ್ ಮುಚ್ಚಿ, ಗುರಿ ತೂಕದ ಗ್ರಾಫ್ ಮುಚ್ಚಿ, ಬೆಳಗಿನ ನೋಟಿಫಿಕೇಶನ್ ತೆಗೆದು ರಾತ್ರಿ ನಿಮಗೆ ಜಾರೋ ಟೈಮಿಗೆ ಒಂದೇ ಒಂದು ರಿಮೈಂಡರ್ ಇಟ್ಕೊಳ್ಳಿ. ಟ್ರಯಲ್ ಒತ್ತಿದ್ರೆ ಕ್ಯಾನ್ಸಲ್ ಮಾಡೋ ಬಟನ್ ಆ್ಯಪ್ ಒಳಗೆ ಹುಡುಕ್ಬೇಡಿ, ಇಲ್ಲ, ಫೋನಿನ ಆ್ಯಪ್ ಸ್ಟೋರ್‌ನ ಸಬ್‌ಸ್ಕ್ರಿಪ್ಶನ್ ಜಾಗಕ್ಕೆ ಹೋಗಿ ನಿಲ್ಲಿಸ್ಬೇಕು.