ತೂಕ, ಕೊಲೆಸ್ಟರಾಲ್ ಇಳಿಸುವ ‘ನ್ಯಾಚುರಲ್’ ಕ್ಯಾಪ್ಸೂಲ್ ತಗೊಳ್ಳುತ್ತಿರುವವರು ದಯವಿಟ್ಟು ಓದಿ

ನನ್ನ ಅಕ್ಕ ಕಾಮಾಲೆಯಾಗಿ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಸೇರಬೇಕಾಯಿತು. ಅದು ನೀರಿನಿಂದ ಬಂದ ಕಾಮಾಲೆ ಅಲ್ಲ, ಕುಡಿತದಿಂದ ಬಂದದ್ದಂತೂ ಅಲ್ಲವೇ ಅಲ್ಲ. ತೂಕ, ಕೊಲೆಸ್ಟರಾಲ್ ಎರಡನ್ನೂ ಒಟ್ಟಿಗೆ ಇಳಿಸುತ್ತದೆ ಎಂದು ಪರಿಚಯದವರು ಮಾರಿದ ಕ್ಯಾಪ್ಸೂಲು ಅವಳ ಲಿವರನ್ನು ಕೆಡಿಸಿತ್ತು. ಅಂಥ ಡಬ್ಬಿಗಳು ಎಷ್ಟೋ ಮನೆಗಳಲ್ಲಿವೆ. ಹಾಗಾಗಿ ಅಕ್ಕನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಅಕ್ಕನಿಗೆ ಐವತ್ತರ ಆಸುಪಾಸು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 170ರ ಹತ್ತಿರ ಇದ್ದುದರಿಂದ ಡಾಕ್ಟರು ಅದನ್ನು ಇಳಿಸುವ ಸ್ಟಾಟಿನ್ ಗುಂಪಿನ ಅಟೋರ್ವಾಸ್ಟಾಟಿನ್ ಮಾತ್ರೆ ಬರೆದುಕೊಟ್ಟಿದ್ದರು. ಯೋಗ ಕ್ಲಾಸಿಗೆ ಬರುತ್ತಿದ್ದ ಒಬ್ಬರು, “ಆ ಗುಳಿಗಿ ಲಿವರ್ ಹಾಳ ಮಾಡ್ತಾವ್ರೀ, ಬಿಟ್ಟಬಿಡ್ರಿ. ಇದು ಪೂರಾ ನ್ಯಾಚುರಲ್” ಅಂದರು. ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ದಿನಾ ಬೆಳಿಗ್ಗೆ ಅಲ್ಲಿ ದಪ್ಪ ಇದ್ದವರು ತೆಳ್ಳಗಾದ ಫೋಟೋಗಳು ಬರುತ್ತಿದ್ದವು. ಅಕ್ಕ ಅಟೋರ್ವಾಸ್ಟಾಟಿನ್ ಬಿಟ್ಟು ಇದನ್ನು ಹಿಡಿದಳು.

ಡಬ್ಬಿಯ ಮೇಲೆ ಗಾರ್ಸೀನಿಯಾ ಕ್ಯಾಂಬೋಜಿಯಾ ಸಾರ, ಗ್ರೀನ್ ಟೀ ಸಾರ, ರೆಡ್ ಈಸ್ಟ್ ರೈಸ್ (ಒಂದು ಬಗೆಯ ಶಿಲೀಂಧ್ರ ಬೆಳೆಸಿ ಕೆಂಪಾಗಿಸಿದ ಅಕ್ಕಿ) ಎಂದಿತ್ತು. ಮೂರೂ ಸೇರಿ ಎಷ್ಟು ಮಿಲಿಗ್ರಾಂ ಎಂದು ಬರೆದಿದ್ದರೇ ಹೊರತು ಯಾವುದು ಎಷ್ಟು ಎಂಬುದು ಎಲ್ಲೂ ಇರಲಿಲ್ಲ.

ನಮ್ಮ ತವರು ಸಿದ್ದಾಪುರದ ಕಡೆ. ಗಾರ್ಸೀನಿಯಾ ಎಂದರೆ ನಮ್ಮ ಕಾಡಿನ ಹುಳಿ ಹಣ್ಣು ಉಪ್ಪಾಗೆಯೇ. ಮಳೆಗಾಲದಲ್ಲಿ ಕಾಡಿನಿಂದ ಆರಿಸಿ ತಂದು, ಸಿಪ್ಪೆಯನ್ನು ಹೊಗೆಯಲ್ಲಿ ಕಪ್ಪಗೆ ಒಣಗಿಸಿ ಸಾಹುಕಾರರಿಗೆ ಕೊಡುವುದನ್ನು ನೋಡುತ್ತಲೇ ಬೆಳೆದವರು ನಾವು. ಬೀಜದ ತುಪ್ಪ ಉಂಡಿದ್ದೇವೆ. ಉಪ್ಪಾಗೆಯಿಂದ ಯಾರಿಗೆ ಏನಾಗುತ್ತದೆ ಎಂಬ ಧೈರ್ಯ ಅಕ್ಕನಿಗೆ ಬಂದದ್ದು ಅಲ್ಲಿಂದ. ಆದರೆ ಸಾರಿಗೆ ಹಾಕುವ ಒಂದೆರಡು ಸಿಪ್ಪೆಯೇ ಬೇರೆ, ಅದರ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಗಟ್ಟಿ ಮಾಡಿ ತುಂಬಿದ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ನುಂಗುವುದೇ ಬೇರೆ. ಹೋಗಲಿ, ತೂಕವಾದರೂ ಇಳಿಯುತ್ತದೆಯೇ? 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಗಾರ್ಸೀನಿಯಾ ತಗೊಂಡವರಿಗೂ ಔಷಧವೇ ಇಲ್ಲದ ಬರೀ ಸಪ್ಪೆ ಮಾತ್ರೆ ತಗೊಂಡವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಮೊದಲು ಹೋದದ್ದು ಹಸಿವು. ಆಮೇಲೆ ಒಗ್ಗರಣೆ ವಾಸನೆಗೇ ವಾಕರಿಕೆ, ರಾತ್ರಿಯೆಲ್ಲ ಅಂಗಾಲು ಅಂಗೈ ತುರಿಕೆ. ಮಾರಿದವರನ್ನು ಕೇಳಿದರೆ, “ಹೊಲಸೆಲ್ಲಾ ಹೊರಗ ಹೊಂಟದ್ರೀ, ಈಗ ಬಿಡಬ್ಯಾಡ್ರಿ” ಎಂದರು. ನನಗೆ ಇವತ್ತಿಗೂ ಸಿಟ್ಟು ತರಿಸುವುದು ಈ ಒಂದು ಮಾತು. ಲಿವರ್ ಸೋಲುತ್ತಿರುವ ಲಕ್ಷಣವನ್ನೇ ಗುಣವಾಗುತ್ತಿರುವ ಗುರುತು ಎಂದು ನಂಬಿಸಿದರಲ್ಲ! ಆ ಮಾತು ಕೇಳಿ ಅಕ್ಕ ಇನ್ನೂ ಕೆಲವು ದಿನ ನುಂಗಿದಳು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾದಾಗ ಭಾವ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಲಿವರಿಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ನಲವತ್ತರ ಆಚೀಚೆ ಇರಬೇಕಾದದ್ದು ಸಾವಿರ ದಾಟಿತ್ತು. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇರಲಿಲ್ಲ. ಸ್ಕ್ಯಾನಿಂಗಿನಲ್ಲಿ ಪಿತ್ತದ ಕಲ್ಲೂ ಕಾಣಲಿಲ್ಲ. “ಔಷಧ ಏನರ ತಗೋತೀರೇನ್ರೀ?” ಎಂದು ಡಾಕ್ಟರು ಕೇಳಿದರೆ, ಅಕ್ಕ “ಎಂತದೂ ಇಲ್ಲ” ಎಂದಳು. ಅವಳು ಸುಳ್ಳು ಹೇಳಲಿಲ್ಲ. ಅದನ್ನು ಔಷಧ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮರುದಿನ ರೌಂಡ್ಸಿಗೆ ಬಂದ ಹಿರಿಯ ಡಾಕ್ಟರು, “ಪುಡಿ, ಕಷಾಯ, ಪ್ರೋಟೀನು, ತೆಳ್ಳಗಾಗೋದು, ಕೂದಲಿಗೆ ಹಚ್ಚೋದು... ಏನೇ ಇರಲಿ ಹೇಳ್ರೀ” ಎಂದು ಬಿಡಿಸಿ ಬಿಡಿಸಿ ಕೇಳಿದಾಗ ಭಾವನಿಗೆ ಡಬ್ಬಿ ನೆನಪಾಯಿತು. ಡಬ್ಬಿ ತಂದು ತೋರಿಸಿದ್ದರಿಂದಲೇ ಕಾರಣ ಸಿಕ್ಕಿತು.

ಗಾರ್ಸೀನಿಯಾ, ಗ್ರೀನ್ ಟೀ ಸಾರ ಎರಡೂ ಲಿವರಿಗೆ ಪೆಟ್ಟು ಕೊಟ್ಟ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. 2009ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಸಪ್ಲಿಮೆಂಟ್ ತಗೊಳ್ಳಬೇಡಿ ಎಂದು ಜನರಿಗೆ ಎಚ್ಚರಿಕೆ ಕೊಟ್ಟಿತು. ಲಿವರ್ ಕೆಟ್ಟ 23 ವರದಿಗಳು ಬಂದಿದ್ದವು, ಒಬ್ಬ ಯುವಕ ತೀರಿಕೊಂಡಿದ್ದ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ, ಗ್ರೀನ್ ಟೀಯ ಇಜಿಸಿಜಿ ಎಂಬ ಅಂಶವನ್ನು ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತಗೊಂಡರೆ ಲಿವರಿಗೆ ತೊಂದರೆಯಾಗಬಹುದು ಎಂದಿತು. ಲೋಟದಲ್ಲಿ ಸೋಸಿ ಕುಡಿಯುವ ಚಹಾದ ಮಾತಲ್ಲ ಇದು. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಯಾರಿಗೆ ಆಗುತ್ತದೆ ಎಂದು ಮೊದಲೇ ತಿಳಿಯುವುದೂ ಇಲ್ಲ. ಹಾಗಾಗಿ “ನಾನು ವರ್ಷದಿಂದ ತಗೊಳ್ತಿದ್ದೇನೆ, ನನಗೇನೂ ಆಗಿಲ್ಲ” ಎಂಬ ಗೆಳತಿಯ ಮಾತು ನಿಮಗೆ ಯಾವ ಭರವಸೆಯೂ ಅಲ್ಲ.

ಇನ್ನು ರೆಡ್ ಈಸ್ಟ್ ರೈಸ್. ಅದರಲ್ಲಿರುವ ಮೊನಾಕೋಲಿನ್ ಕೆ ಮತ್ತು ಲೋವಾಸ್ಟಾಟಿನ್ ಎಂಬ ಮಾತ್ರೆ ರಾಸಾಯನಿಕವಾಗಿ ಒಂದೇ. ಅಳತೆ ಗೊತ್ತಿದ್ದ, ಡಾಕ್ಟರ ಕಣ್ಣಿನಡಿ ಇದ್ದ ಸ್ಟಾಟಿನ್ ಬಿಡಿಸಿ, ಅಳತೆಯೇ ಗೊತ್ತಿಲ್ಲದ ಸ್ಟಾಟಿನ್ನನ್ನು ಅಕ್ಕನಿಗೆ ಕೊಟ್ಟಿದ್ದರು. ಯುರೋಪ್ ಒಕ್ಕೂಟ 2022ರಲ್ಲಿ, ರೆಡ್ ಈಸ್ಟ್ ರೈಸಿನ ಮೊನಾಕೋಲಿನ್ ದಿನಕ್ಕೆ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕೆಂದು ಕಟ್ಟುಪಾಡು ಮಾಡಿತು. 2024ರ ಮಾರ್ಚಿನಲ್ಲಿ ಜಪಾನಿನ ಕೊಬಯಾಶಿ ಕಂಪನಿ ಕೊಲೆಸ್ಟರಾಲಿಗೆಂದು ಮಾರುತ್ತಿದ್ದ ರೆಡ್ ಈಸ್ಟ್ ಮಾತ್ರೆಗಳನ್ನು ವಾಪಸ್ ತರಿಸಿಕೊಂಡಿತು. ಬೂಷ್ಟಿನಿಂದ ಹುಟ್ಟಿದ ವಿಷ ಅದರಲ್ಲಿ ಸೇರಿ ಜನರ ಕಿಡ್ನಿ ಕೆಟ್ಟಿತ್ತು, ನೂರಾರು ಮಂದಿ ಆಸ್ಪತ್ರೆ ಸೇರಿದ್ದರು.

ಲೇಬಲ್ಲಿನಲ್ಲಿ ಇಲ್ಲದ್ದೂ ಒಳಗಿರಬಹುದು. ಸಿಬುಟ್ರಾಮಿನ್ ಎಂಬ ತೂಕ ಇಳಿಸುವ ಮಾತ್ರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ ಎಂದು 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ಹೋಯಿತು, 2011ರಲ್ಲಿ ನಮ್ಮ ದೇಶವೂ ನಿಷೇಧಿಸಿತು. ಆಮೇಲೂ ಅದು ‘ಹರ್ಬಲ್’ ಎಂದು ಮಾರುವ ಕ್ಯಾಪ್ಸೂಲು, ಸ್ಲಿಮ್ಮಿಂಗ್ ಕಾಫಿಗಳಲ್ಲಿ ಪರೀಕ್ಷೆಗೆ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ತೂಕ ಇಳಿಸುವ ಮೌಂಜಾರೊದಂಥ ಇಂಜೆಕ್ಷನ್ನುಗಳು ನಿಜವಾದ ಔಷಧಗಳೇ. ಆದರೆ ಅವನ್ನೂ ಡಾಕ್ಟರ ಚೀಟಿ ಇಲ್ಲದೆ ಜಿಮ್ಮು, ಪಾರ್ಲರಿನವರಿಂದ ತಗೊಳ್ಳಬೇಡಿ.

ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇತ್ತಲ್ಲ ಎಂದು ಭಾವ ಕೇಳಿದ್ದರು. ಅದು ಆಹಾರದ ಲೈಸೆನ್ಸು. ರೋಗ ಗುಣವಾಗುತ್ತದೆ ಎಂದು ಪರೀಕ್ಷಿಸಿ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಇಂಥ ಸಪ್ಲಿಮೆಂಟುಗಳ ಮೇಲೆ ‘ಔಷಧವಾಗಿ ಬಳಸುವುದಕ್ಕಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದಿರಲೇಬೇಕು. ಅಕ್ಕನ ಡಬ್ಬಿಯ ಮೇಲೂ ಇತ್ತು, ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಅಕ್ಕ ಈಗ ಚೇತರಿಸಿಕೊಂಡಿದ್ದಾಳೆ. ಲಿವರ್ ಸರಿಹೋದ ಮೇಲೆ ಡಾಕ್ಟರೇ ನಿಗಾ ಇಟ್ಟು ಸ್ಟಾಟಿನ್ ಮತ್ತೆ ಶುರು ಮಾಡಿಸಿದ್ದಾರೆ. ಅಷ್ಟರಲ್ಲಿ ಅವಳು ಪಟ್ಟ ಪಾಡು, ಭಾವ ಮಾಡಿದ ಸಾಲ ಯಾರಿಗೂ ಬೇಡ.

ನೀವು ಇಂಥದ್ದು ತಗೊಳ್ಳುತ್ತಿದ್ದು ಹಸಿವಿಲ್ಲದಿರುವುದು, ವಾಕರಿಕೆ, ತುರಿಕೆ, ಗಾಢ ಬಣ್ಣದ ಮೂತ್ರ ಏನೇ ಕಂಡರೂ ಮಾರಿದವರಿಗೆ ಫೋನ್ ಮಾಡುತ್ತ ಕೂರಬೇಡಿ. ತಕ್ಷಣ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ ಲಿವರ್ ಟೆಸ್ಟ್ ಮಾಡಿಸಿ. ಡಬ್ಬಿ ಎಸೆಯದೆ ಜೊತೆಗೆ ಒಯ್ಯಿರಿ. ಡಾಕ್ಟರು ಕೊಟ್ಟ ಕೊಲೆಸ್ಟರಾಲ್ ಮಾತ್ರೆಯಿಂದ ಮೈಕೈ ನೋವೋ ಇನ್ನೊಂದೋ ಆಗುತ್ತಿದ್ದರೆ ಅದನ್ನು ಅವರಿಗೇ ಹೇಳಿ. ಡೋಸ್ ಕಡಿಮೆ ಮಾಡುವುದಕ್ಕೆ, ಬೇರೆ ಮಾತ್ರೆ ಕೊಡುವುದಕ್ಕೆ ದಾರಿಗಳಿವೆ. ಔಷಧಗಳಿಂದಾದ ತೊಂದರೆ ವರದಿ ಮಾಡಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024.